ಹೆಸರಿಡಲು ಪಂಚಾಂಗವೇಕೆ?

ಬಲ್ಮಠದ ಮಗಳ ಮನೆಯಲ್ಲಿ ಮೊಮ್ಮಗಳ ನಾಮಕರಣ. ಕೊರಳಲ್ಲಿ ಇಷ್ಟಲಿಂಗವಿರುವ ಬೀಗರೇ ಪಂಚಾಂಗ ಬಿಡಿಸಿ, ‘ರೋಹಿಣಿ ನಕ್ಷತ್ರ, ಓ, ವಾ, ವೀ, ವೂ ಇವುಗಳಲ್ಲೇ ಹೆಸರು ಶುರುವಾಗಬೇಕು’ ಎಂದರು. ಲಿಂಗವಂತರಿಗೆ ನಕ್ಷತ್ರದ ಭಯವೇ?

ಅರ್ಥ ಬೇಕಿದ್ದರೆ ನಿಘಂಟು ನೋಡೋಣ. 1894ರಲ್ಲಿ ಇದೇ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟೆಲರ ನಿಘಂಟಿನಲ್ಲಿ ‘ಬಸವ’ವು ‘ವೃಷಭ’ದ ತದ್ಭವ. ಜನರ ಬಾಯಲ್ಲಿ ಕನ್ನಡವಾದ ಪದವೇ ನಮ್ಮ ಗುರುವಿನ ಹೆಸರು. ಶರಣರ ಹೆಸರಿಗೆ ಅಂಟಿದ್ದು ಕಾಯಕ, ರಾಶಿಯಲ್ಲ: ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ.

ಬಸವರಾಜ, ಮಹಾದೇವಿ ಎಂದು ಇಡುತ್ತೇವೆ, ಸರಿ. ಹರಳಯ್ಯ, ಕಕ್ಕಯ್ಯ ಎಂದು ಇಟ್ಟವರೆಷ್ಟು ಮಂದಿ? (ನಾನೂ ಮಗನಿಗೆ ಇಡಲಿಲ್ಲ.) ಜಾತಿ ಅಡಗಿ ಕೂತಿರುವುದು ಅಲ್ಲೇ.

‘ಲಕ್ಕಮ್ಮ’ ಎಂದು ನಾನು ಸೂಚಿಸಿದ್ದೇನೆ. ಬೀಗರು ಇನ್ನೂ ಒಪ್ಪಿಲ್ಲ. ಮಗಳು ಮಾತ್ರ ತೊಟ್ಟಿಲ ಬಳಿ ಹಾಗೆಯೇ ಕರೆಯತೊಡಗಿದ್ದಾಳೆ.