ಚೆನ್ನಾಗಿದೆ ಸರ್, ಆದರೆ...

ಚೆನ್ನೈನ ಎಗ್ಮೋರ್ ರೈಲು ನಿಲ್ದಾಣಕ್ಕೆ ಎರಡು ಹೆಸರು. ಹಲಗೆಯ ಮೇಲೆ ತಮಿಳಿನಲ್ಲಿ ಓದಿದರೆ ಎಳುಂಬೂರ್, ಇಂಗ್ಲಿಷಿನಲ್ಲಿ ಓದಿದರೆ ಎಗ್ಮೋರ್. ತಮಿಳಿನ ಆ ನಡುವಿನ ಅಕ್ಷರ ಹಳಗನ್ನಡದಲ್ಲೂ ಇತ್ತು (ೞ). ಕನ್ನಡಿಗರು ಅದನ್ನು ಕೈಬಿಟ್ಟರು, ಇಂಗ್ಲಿಷರ ನಾಲಿಗೆಗೆ ಅದು ಒಗ್ಗಲೇ ಇಲ್ಲ. 2020ರಲ್ಲಿ ತಮಿಳುನಾಡು ಸರ್ಕಾರ ಇಂಥ ವ್ಯತ್ಯಾಸಗಳನ್ನೆಲ್ಲ ಒಂದೇ ಏಟಿಗೆ ಸರಿಪಡಿಸಲು ಹೊರಟಿತು. ರಾಜ್ಯದ 1,018 ಸ್ಥಳನಾಮಗಳ ಇಂಗ್ಲಿಷ್ ಕಾಗುಣಿತವನ್ನು ತಮಿಳು ಉಚ್ಚಾರಣೆಗೆ ಹೊಂದಿಸುವ ಆದೇಶ ಆ ವರ್ಷ ಜೂನ್‌ನಲ್ಲಿ ಸುದ್ದಿಯಾಯಿತು. ಅದೇ ತಿಂಗಳಲ್ಲಿ ವಾಪಸೂ ಆಯಿತು.

ಆದೇಶದ ಉದ್ದೇಶವನ್ನು ತಪ್ಪು ಎನ್ನುವಂತಿರಲಿಲ್ಲ. ಅದು ಮುಗ್ಗರಿಸಿದ್ದು ಕಾಗುಣಿತದಲ್ಲಿ. ತಮಿಳಿನಲ್ಲಿ ವೆಲ್ಲೂರಿನ ಹೆಸರು ವೇಲೂರ್. ಆ ದೀರ್ಘ 'ಏ' ಕಾಣಿಸಲಿ ಎಂದು ಇಂಗ್ಲಿಷಿನ 'ಇ' ಅಕ್ಷರವನ್ನು ಎರಡು ಸಲ ಬರೆದರು. ಬರೆದವರ ಲೆಕ್ಕದಲ್ಲಿ ಅದು ಸರಿಯೇ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಆದರೆ ಇಂಗ್ಲಿಷ್ ಓದಿ ಅಭ್ಯಾಸವಾದವರ ಕಣ್ಣಿಗೆ ಅದು 'ವೀಲೂರ್'. ಕೊಯಮತ್ತೂರಿನ 'ತ್ತೂ' ದಾಟಿಸಲು ಟಿಎಚ್ ಜೋಡಿ ಎರಡು ಸಲ ಬಂದು, ಬಾಯಲ್ಲಿ ಹೇಳಲು ಸಲೀಸಾದ ಹೆಸರು ಕಾಗದದ ಮೇಲೆ ತಡವರಿಸುವಂತಾಯಿತು. ಜನ ನಕ್ಕರು. ತಜ್ಞರ ಅಭಿಪ್ರಾಯ ಪಡೆಯುತ್ತಿದ್ದೇವೆ ಎಂದು ಅಂದಿನ ಸಚಿವ ಕೆ. ಪಾಂಡ್ಯರಾಜನ್ ಹೇಳಿದ್ದು ಆ ನಗು ಊರೆಲ್ಲ ಹಬ್ಬಿದ ಮೇಲೆ. ಎಗ್ಮೋರ್ ಎಗ್ಮೋರ್ ಆಗಿಯೇ ಉಳಿಯಿತು.

(ಕನ್ನಡಿಗರು ಈ ವಿಷಯದಲ್ಲಿ ಹೆಚ್ಚು ಜಾಣರೇನಲ್ಲ. ಆದರೂ 2014ರ ನವೆಂಬರ್ 1ರಂದು ಕರ್ನಾಟಕ 12 ಊರುಗಳ ಇಂಗ್ಲಿಷ್ ಹೆಸರು ಬದಲಿಸಿದಾಗ 'ಬೆಂಗಳೂರು' ಎಂಬುದರ ದೀರ್ಘ 'ಊ'ಗೂ ಕೊನೆಯ ಹ್ರಸ್ವ 'ಉ'ಗೂ ಒಂದೇ 'ಯು' ಸಾಕು ಎಂದುಕೊಂಡಿತು. ಧ್ವನಿಶಾಸ್ತ್ರಕ್ಕೆ ಸ್ವಲ್ಪ ನಷ್ಟ, ಓದುವವರಿಗೆ ಲಾಭ.)

ಬಿಡಿ ಕೆಲಸ ಮಾಡುವ ಅನುವಾದಕರು ಈ ಪ್ರಸಂಗವನ್ನು ಕಾಗುಣಿತದ ಕಥೆಯಾಗಿ ಓದಿ ಬಿಟ್ಟುಬಿಡಬಾರದು. ಅವರ ಮೇಜಿಗೆ 'ಇದೊಂದು ಸಲ ನೋಡಿಬಿಡಿ' ಎಂಬ ಸಾಲಿನೊಂದಿಗೆ ಬರುವ ಕೆಲಸವೆಲ್ಲ ಇಂಥದ್ದೇ. ಬೇರೆ ಯಾರೋ ಆಗಲೇ ಮಾಡಿ ಮುಗಿಸಿದ್ದು, ಇವತ್ತೋ ನಾಳೆಯೋ ಅಚ್ಚಿಗೆ ಹೋಗುವಂಥದ್ದು. ಮಾಡಿದವರು ಸಾಹೇಬರ ಷಡ್ಡಕರಿರಬಹುದು, ನಿವೃತ್ತ ಕನ್ನಡ ಮೇಷ್ಟ್ರಿರಬಹುದು, ಕೆಲವೊಮ್ಮೆ ಖುದ್ದು ಸಾಹೇಬರೇ ಇರಬಹುದು. ಆಗ ಹೊರಡುವ ಉತ್ತರಕ್ಕೆ ಒಂದು ಸಿದ್ಧ ಅಚ್ಚಿದೆ: 'ತುಂಬಾ ಚೆನ್ನಾಗಿದೆ ಸರ್, ಆದರೆ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಿದರೆ ಇನ್ನೂ ಸೊಗಸಾಗಿರುತ್ತೆ.' ಮೊದಲು ಹೊಗಳಿಕೆ, ನಡುವೆ ಕಹಿ, ಕೊನೆಗೆ ಮತ್ತೆ ಹೊಗಳಿಕೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಇದನ್ನು ನಯ ಎಂದು ಕಲಿಸಲಾಗುತ್ತಿದೆ. ಇದು ನಯವಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅನುವಾದಕರಿಗೆ ಸಂಬಂಧ ಉಳಿಯಿತು, ಗಿರಾಕಿಗೆ ಮನಸ್ಸು ತಣ್ಣಗಾಯಿತು. ಖರ್ಚು ಬಿದ್ದದ್ದು ಆ ಮಾತುಕತೆಯಲ್ಲಿ ಇಲ್ಲದ ಮೂರನೆಯವರಿಗೆ, ಅಂದರೆ ಓದುವವರಿಗೆ. ಸಾಲದ ಅರ್ಜಿಯಲ್ಲಿ 'ಅಸಲು' ಇರಬೇಕಾದ ಕಡೆ 'ಪ್ರಾಂಶುಪಾಲ' ಎಂದಿದ್ದರೆ ಓದಿದವರು ನಗುತ್ತಾರೆ, ಇನ್ನೊಬ್ಬರನ್ನು ಕೇಳಿಯಾದರೂ ತಿಳಿದುಕೊಳ್ಳುತ್ತಾರೆ. 'ಮೂರು ದಿನದೊಳಗೆ' ಎಂಬುದು 'ಮೂರು ದಿನದ ನಂತರ' ಎಂದಾಗಿದ್ದರೆ ಯಾರಿಗೂ ನಗು ಬರುವುದಿಲ್ಲ, ಅನುಮಾನವೂ ಬರುವುದಿಲ್ಲ. 'ಸಣ್ಣಪುಟ್ಟ' ಎಂಬ ಒಂದೇ ಪದ ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ.

ಖರ್ಚು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಚೆನ್ನೈ ಬಿಟ್ಟು ಬೆಂಗಳೂರಿಗೇ ಬರಬೇಕು. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಇಂಗ್ಲಿಷಿನಿಂದ ಬಂದ ಪ್ರಶ್ನೆಗಳ ಕನ್ನಡ ಎಷ್ಟು ಕೆಟ್ಟಿತ್ತೆಂದರೆ ಮುಖ್ಯಮಂತ್ರಿ ಸಿದ್ದರಾಮಯ್ಯ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಕನ್ನಡ ಪ್ರಶ್ನೆಗಳಲ್ಲಿ ಮತ್ತೆ ತಪ್ಪು, ಅಭ್ಯರ್ಥಿಗಳು ಮತ್ತೆ ಬೀದಿಗೆ. ಮೊದಲ ಸಲದ್ದನ್ನು ಅಜಾಗರೂಕತೆ ಎನ್ನಬಹುದು. ಎರಡನೆಯದಕ್ಕೆ ಆ ಮಾತು ಸಾಲದು. ಇಡೀ ರಾಜ್ಯವೇ ಗಮನಿಸುತ್ತಿದ್ದ ಪತ್ರಿಕೆ ಅದು. ಅಚ್ಚಿಗೆ ಹೋಗುವ ಮೊದಲು 'ಇದು ಅರ್ಥವಾಗುವುದಿಲ್ಲ' ಎಂಬ ಮಾತು, ಅದನ್ನು ತಡೆಯಬಲ್ಲವರ ಕಿವಿಗೆ ಬೀಳಲಿಲ್ಲ, ಅಥವಾ ಬಿದ್ದೂ ಕೆಲಸ ಮಾಡಲಿಲ್ಲ. ವರ್ಷಗಟ್ಟಲೆ ಓದಿ ಕೂತ ಅಭ್ಯರ್ಥಿಗೆ ಇವೆರಡರಲ್ಲಿ ಯಾವುದಾದರೂ ಒಂದೇ.

ಹಾಗಾದರೆ ಒರಟಾಗಿ ಹೇಳಬೇಕೇ? ಅದೂ ದಂಡವೇ. ಗಿರಾಕಿಯ ತಪ್ಪನ್ನು ಸ್ಕ್ರೀನ್‌ಶಾಟ್ ತೆಗೆದು ಗುಂಪಿನಲ್ಲಿ ಹಂಚಿ ನಗುವವರು ಅನುವಾದಕರಲ್ಲಿ ಕಡಿಮೆ ಇಲ್ಲ. ವೀಲೂರ್ ನೋಡಿ ನಕ್ಕಿದ್ದರಿಂದ ಕೆಟ್ಟ ಕಾಗುಣಿತವೇನೋ ಹೋಯಿತು. ಅದರ ಜೊತೆ ಒಳ್ಳೆಯ ಉದ್ದೇಶವೂ ಹೋಯಿತು.

ವೇಲೂರಿನ ಕಾಗುಣಿತ ಬರೆದವರಿಗೆ ಹೇಳಬೇಕಾಗಿದ್ದ ಮಾತು ನಿಜಕ್ಕೂ ಚಿಕ್ಕದು: 'ದೀರ್ಘ ತೋರಿಸಬೇಕೆಂದು ತಾವು ಹೀಗೆ ಬರೆದಿದ್ದೀರಿ. ಓದುವವರು ಇದನ್ನು ವೀ ಎಂದು ಓದುತ್ತಾರೆ. ಬೇಕಿದ್ದರೆ ಕಚೇರಿಯಲ್ಲೇ ನಾಲ್ಕು ಜನರಿಗೆ ಕೊಟ್ಟು ಓದಿಸಿ ನೋಡಿ.' ಇದರಲ್ಲಿ ಹೊಗಳಿಕೆ ಇಲ್ಲ, ಹೀಯಾಳಿಕೆಯೂ ಇಲ್ಲ. ಬರೆದವರ ತರ್ಕಕ್ಕೆ ಮರ್ಯಾದೆ ಇದೆ, ಓದುವವರು ಏನು ಓದುತ್ತಾರೆ ಎಂಬ ಸಾಕ್ಷ್ಯವೂ ಇದೆ. ಷಡ್ಡಕರ ಮಾತೇ ಬರುವುದಿಲ್ಲ. ಆದರೆ ಇಷ್ಟು ಬರೆಯಬೇಕಾದರೆ ಬರೆದವರು ಯಾಕೆ ಹಾಗೆ ಬರೆದರು ಎಂದು ಕೂತು ಯೋಚಿಸಬೇಕು. ಹೊಗಳಿಕೆಗೆ ಆ ಶ್ರಮ ಬೇಡ, ಬೈಗುಳಕ್ಕಂತೂ ಬೇಡವೇ ಬೇಡ.

ಇನ್ನೊಂದು ತೊಡಕಿದೆ, ಅದನ್ನು ಯಾರೂ ಎತ್ತುವುದಿಲ್ಲ. 'ಇದು ಸರಿಯಿಲ್ಲ' ಎಂದ ಅನುವಾದಕರೇ 'ನಾನು ಹೊಸದಾಗಿ ಮಾಡಿಕೊಡುತ್ತೇನೆ, ಪದಕ್ಕೆ ಇಷ್ಟು' ಎಂದರೆ ಗಿರಾಕಿಗೆ ಅನುಮಾನ ಬರುವುದು ಸಹಜ. ಗ್ಯಾರೇಜಿಗೆ ಹೋದ ಗಾಡಿಗೆಲ್ಲ ಎಂಜಿನ್ನೇ ಹೋಗಿದೆ ಎಂದಂತೆ. ನಯದ ಪಾಠಗಳೆಲ್ಲ ಈ ಅನುಮಾನವನ್ನು ಸಿಹಿಮಾತಿನಿಂದ ಮುಚ್ಚಲು ನೋಡುತ್ತವೆ. ಮಾಡಬೇಕಾದದ್ದು ಬೇರೆ. ನೋಡಿಕೊಡುವ ಕೆಲಸಕ್ಕೆ ಪ್ರತ್ಯೇಕ ಸಂಭಾವನೆಯನ್ನು ಮೊದಲೇ ಹೇಳಿ ತೆಗೆದುಕೊಳ್ಳಲಿ, ವರದಿ ಕೊಡಲಿ, ತಿದ್ದುವ ಕೆಲಸವನ್ನು ಗಿರಾಕಿ ಯಾರಿಗೆ ಬೇಕಾದರೂ ಕೊಡಬಹುದು ಎಂದು ಅದರಲ್ಲೇ ಬರೆಯಲಿ. 'ಒಂದು ಸಲ ನೋಡಿಬಿಡಿ' ಎಂದವರು ಇದಕ್ಕೂ ದುಡ್ಡೇ ಎಂದು ಹುಬ್ಬೇರಿಸುತ್ತಾರೆ. ಏರಿಸಲಿ.