ಬಾಗಿಲು ತೆರೆದಿದೆ, ಕಾವಲುಗಾರ ಬಿಡುತ್ತಿಲ್ಲ!

ಲಿನಕ್ಸ್ ಕಲಿಯುವ ವಿದ್ಯಾರ್ಥಿಗಳು ಫೈಲು ರವಾನಿಸುವ ಎಫ್‌ಟಿಪಿ ಸರ್ವರ್ ಸಿದ್ಧಪಡಿಸುವಾಗ ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಸರ್ವರ್ ಓಡುತ್ತಿರುತ್ತದೆ, ಫೈಲು ಅದರ ಜಾಗದಲ್ಲೇ ಇರುತ್ತದೆ. ಆದರೂ ಇನ್ನೊಂದು ಕಂಪ್ಯೂಟರಿನಿಂದ ಕೇಳಿದರೆ ಬರುವುದಿಲ್ಲ. 'ಸಿಎಚ್‌ಮಾಡ್ 777' ಎಂದು ಎಲ್ಲರಿಗೂ ಎಲ್ಲ ಹಕ್ಕು ಕೊಟ್ಟರೂ ಅಷ್ಟೇ. ಕೊನೆಗೆ ಪಕ್ಕದವನು 'ಸೆಟ್‌ಎನ್‌ಫೋರ್ಸ್ 0' ಎಂಬ ಮಂತ್ರ ಹೇಳಿಕೊಡುತ್ತಾನೆ. ಕೆಲಸವೇನೋ ಆಗುತ್ತದೆ, ಆದರೆ ಮನೆಯ ಕಾವಲುಗಾರನನ್ನೇ ಮಲಗಿಸಿದಂತಾಗುತ್ತದೆ.

ಈ ಕಾವಲುಗಾರನ ಹೆಸರು ಎಸ್‌ಇಲಿನಕ್ಸ್. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ (ಎನ್‌ಎಸ್‌ಎ) ಇದನ್ನು 2000ದಲ್ಲಿ ಬಹಿರಂಗಗೊಳಿಸಿತು. 2003ರಲ್ಲಿ ಲಿನಕ್ಸಿನ ತಿರುಳಿಗೇ ಸೇರಿತು. ಹಾಸ್ಟೆಲಿನ ಉದಾಹರಣೆ ತೆಗೆದುಕೊಳ್ಳಿ. ಕೋಣೆಯ ಹುಡುಗ ಗೆಳೆಯನಿಗೆ 'ಒಳಗೆ ಬಾ' ಎನ್ನಬಹುದು. ಆದರೆ ಹೊರಗಿನವರು ಸಂದರ್ಶಕರ ಕೊಠಡಿ ದಾಟಕೂಡದೆಂದು ವಾರ್ಡನ್ ಹೇಳಿದ್ದರೆ ಆ ಕರೆ ನಡೆಯುವುದಿಲ್ಲ. 777 ಎಂಬುದು ಕೋಣೆಯವನ ಕರೆ. ಎಸ್‌ಇಲಿನಕ್ಸ್ ವಾರ್ಡನ್ನನ ನಿಯಮ. ಎಫ್‌ಟಿಪಿ ಪ್ರೋಗ್ರಾಮಿನ ದೋಷ ಹಿಡಿದು ದುಷ್ಟನೊಬ್ಬ ಅದನ್ನು ವಶಮಾಡಿಕೊಂಡರೂ, ಆ ಪ್ರೋಗ್ರಾಮಿಗೆ ಬಿಟ್ಟ ಜಾಗದಾಚೆ ಅವನು ಸುಲಭವಾಗಿ ಕಾಲಿಡಲಾರ. ಮನೆಯ ಲೆಕ್ಕ, ಫೋಟೋಗಳೆಲ್ಲ ಅದೇ ಯಂತ್ರದಲ್ಲಿದ್ದರೆ ಇದರ ಬೆಲೆ ತಂದೆತಾಯಂದಿರಿಗೂ ತಿಳಿದೀತು.

ಹಾಗಾದರೆ ಫೈಲು ಬರದಿದ್ದುದೇಕೆ? ಪ್ರತಿ ಫೈಲಿಗೂ ಎಸ್‌ಇಲಿನಕ್ಸ್ ಒಂದು ಲೇಬಲ್ ಅಂಟಿಸಿರುತ್ತದೆ. 'ಎಲ್‌ಎಸ್' ಆಜ್ಞೆಗೆ ಅಡ್ಡಗೆರೆ ಹಾಕಿ ದೊಡ್ಡಕ್ಷರದ 'ಝಡ್' ಸೇರಿಸಿದರೆ ಅದು ಕಾಣುತ್ತದೆ. ನಿಮ್ಮ ಸ್ವಂತ ಫೋಲ್ಡರಿನಲ್ಲಿ ಹುಟ್ಟಿದ ಫೈಲಿನ ಲೇಬಲ್ 'ಯೂಸರ್_ಹೋಮ್_ಟಿ'. ಅದನ್ನು 'ಎಂವಿ' ಆಜ್ಞೆಯಿಂದ ಎಫ್‌ಟಿಪಿ ಫೋಲ್ಡರಿಗೆ ಸಾಗಿಸಿದರೆ ಹಳೆಯ ಲೇಬಲ್ ಜೊತೆಯಲ್ಲೇ ಬರುತ್ತದೆ, ಕಾವಲುಗಾರ ತಡೆಯಬಹುದು. 'ಸಿಪಿ'ಯಿಂದ ನಕಲು ಮಾಡಿದರೆ ಹೊಸ ಜಾಗದ ಲೇಬಲ್ ಸಿಗುತ್ತದೆ. ಒಂದೇ ಫೈಲು ಒಬ್ಬನಿಗೆ ಸಿಕ್ಕು ಇನ್ನೊಬ್ಬನಿಗೆ ಸಿಗದೆ ಲ್ಯಾಬಿನಲ್ಲಿ ಜಗಳವಾಗುವುದು ಇದರಿಂದಲೇ!

ಪರಿಹಾರ ಸುಲಭ. ಸರ್ವರಿನ ಮಾಮೂಲಿ ಫೋಲ್ಡರಾದರೆ 'ರೀಸ್ಟೋರ್‌ಕಾನ್' ಆಜ್ಞೆಯೊಂದೇ ಸಾಕು, ಲೇಬಲ್ ಸರಿಯಾಗುತ್ತದೆ. ನೀವೇ ಬೇರೆ ಫೋಲ್ಡರ್ ಮಾಡಿದ್ದರೆ ಮೊದಲು 'ಸೆಮ್ಯಾನೇಜ್' ಮೂಲಕ ಅದಕ್ಕೆ 'ಪಬ್ಲಿಕ್_ಕಂಟೆಂಟ್_ಟಿ' ಲೇಬಲ್ ಗೊತ್ತುಪಡಿಸಿ, ಬಳಿಕ 'ರೀಸ್ಟೋರ್‌ಕಾನ್' ಓಡಿಸಿ. ಯಾರನ್ನು ಏಕೆ ತಡೆಯಲಾಯಿತೆಂಬುದು 'ಆಡಿಟ್' ದಾಖಲೆಯಲ್ಲಿರುತ್ತದೆ. ಊಹೆ ಮಾಡುವ ಮೊದಲು ಅದನ್ನು ಓದಿ.

ಹೊರಗಿನವರು ಫೈಲು ತಂದು ಹಾಕಲೂಬೇಕೆಂದರೆ ಲೇಬಲ್ 'ಪಬ್ಲಿಕ್_ಕಂಟೆಂಟ್_ಆರ್‌ಡಬ್ಲ್ಯೂ_ಟಿ' ಆಗಬೇಕು, ಜೊತೆಗೆ 'ಎಫ್‌ಟಿಪಿಡಿ_ಅನಾನ್_ರೈಟ್' ಎಂಬ ಸ್ವಿಚ್ಚನ್ನು 'ಸೆಟ್‌ಎಸ್‌ಇಬೂಲ್' ಆಜ್ಞೆಯಿಂದ ಹಾಕಬೇಕು. 'ಎಫ್‌ಟಿಪಿಡಿ_ಫುಲ್_ಆಕ್ಸೆಸ್' ಎಂಬ ಇನ್ನೊಂದು ಸ್ವಿಚ್ ಇದೆ. ಅದು ಮನೆಯ ಬೀಗದ ಕೈ ಗೊಂಚಲನ್ನೇ ಕೊಟ್ಟಂತೆ, ಅದರ ತಂಟೆ ಬೇಡ. ಅಂದಹಾಗೆ, ಸ್ವಿಚ್ ಹಾಕುವಾಗ ದೊಡ್ಡಕ್ಷರದ 'ಪಿ' ಸೇರಿಸದಿದ್ದರೆ ಯಂತ್ರ ಆರಿಸಿ ಮತ್ತೆ ಹಚ್ಚಿದಾಗ ಅದು ಹೋಗಿಬಿಡುತ್ತದೆ. ಪ್ರಾಯೋಗಿಕ ಪರೀಕ್ಷೆಯ ದಿನ ಬೇಕಾಗುವ ಅಕ್ಷರ ಅದು.