ನೆಗಡಿಗೆ ಮೂಗು ಕೊಯ್ದ ನ್ಯಾಯ



ಕೊಲೆ ಆರೋಪ ಹೊತ್ತವನು ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಅಧಿಕಾರ ಒಂದು ಕಾಲಕ್ಕೆ ಮದರಾಸು ಹೈಕೋರ್ಟಿನಲ್ಲಿ ಒಂಬತ್ತು ಮಂದಿ ನಾಗರಿಕರ ಜೂರಿಗಿತ್ತು. ಈಗ ಅದಿಲ್ಲ. ಜನಸಾಮಾನ್ಯರಿಗೆ ನ್ಯಾಯ ತೀರ್ಮಾನಿಸುವ ಬುದ್ಧಿ ಸಾಲದೆಂದು ಕೆಲವು ವಿದ್ಯಾವಂತರು ಸಮಾಧಾನ ಹೇಳುತ್ತಾರೆ. ಇದು ನಮ್ಮ ಮೇಲೆ ಹೊರಿಸಿದ ಅಪವಾದ.

ಅವರು ಕೊಡುವ ಸಾಕ್ಷಿ ಎರಡು. ಒಂದು ಈ ಊರಿನದೇ. ಪತ್ರಕರ್ತ ಲಕ್ಷ್ಮೀಕಾಂತನ್ ಕೊಲೆ ಮೊಕದ್ದಮೆಯಲ್ಲಿ 1945ರಲ್ಲಿ ಜೂರಿಯ ಆರು ಮಂದಿ ತಪ್ಪಿತಸ್ಥರೆಂದರು, ಮೂವರು ಅಲ್ಲವೆಂದರು. ನಟರಾದ ತ್ಯಾಗರಾಜ ಭಾಗವತರ್ ಮತ್ತು ಎನ್. ಎಸ್. ಕೃಷ್ಣನ್ ಜೈಲಿನಲ್ಲಿ ಕೊಳೆತರು. ಪ್ರಿವಿ ಕೌನ್ಸಿಲಿಗೆ ಮೊರೆಹೋದ ಮೇಲೆ, 1947ರಲ್ಲಿ ನಿರ್ದೋಷಿಗಳೆಂದು ಹೊರಬಂದರು. ಇನ್ನೊಂದು ಮುಂಬಯಿಯ ನಾನಾವತಿ ಮೊಕದ್ದಮೆ. 1959ರಲ್ಲಿ ಜೂರಿಯ ಎಂಟು ಮಂದಿ ನಿರ್ದೋಷಿ ಎಂದರು. ನ್ಯಾಯಾಧೀಶರು ಒಪ್ಪಲಿಲ್ಲ. ಹೈಕೋರ್ಟು ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಜೂರಿ ಎಡವಿತು, ಒಪ್ಪೋಣ. ಆದರೆ ಜೂರಿಯ ಪಟ್ಟಿ ತಯಾರಾಗುತ್ತಿದ್ದುದು ಹೇಗೆ? ಹೈಕೋರ್ಟಿನ ವಿಶೇಷ ಜೂರಿಗೆ ಆಸ್ತಿ, ನಡತೆ, ವಿದ್ಯೆ ನೋಡಿ ಹೆಸರು ಬರೆಯಬೇಕೆಂದು 1898ರ ಕಾನೂನೇ ಹೇಳಿತ್ತು. ಕಲಾಪವೆಲ್ಲ ಇಂಗ್ಲಿಷಿನಲ್ಲಿ. ಅಲ್ಲಿ ಮಗ್ಗದ ಮುಂದೆ ನಿಂತವನಿಗೆ, ಹಿಟ್ಟು ರುಬ್ಬಿದವನಿಗೆ ಜಾಗವೆಲ್ಲಿ? ಉಳ್ಳವರು ಎಡವಿದ್ದಕ್ಕೆ ಇಲ್ಲದವರಿಗೆ ದಡ್ಡರೆಂಬ ಬಿರುದು!

ಇಂಗ್ಲೆಂಡಿನಲ್ಲೂ ಆಸ್ತಿವಂತರದೇ ಜೂರಿಯಿತ್ತು. 1974ರ ಹೊತ್ತಿಗೆ ಅವರು ಆಸ್ತಿಯ ಷರತ್ತು ಕಿತ್ತೊಗೆದು ಮತದಾರರ ಪಟ್ಟಿಯಿಂದ ಜನರನ್ನು ಕರೆದರು. ನಾವು 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜೂರಿಯನ್ನೇ ಕಿತ್ತೊಗೆದೆವು. ಅವರು ನೆಗಡಿಗೆ ಕಷಾಯ ಕುಡಿದರು, ನಾವು ಮೂಗು ಕೊಯ್ದುಕೊಂಡೆವು. 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯೂ ಆ ಮೂಗನ್ನು ಹುಡುಕಲಿಲ್ಲ. ಜಪಾನಿನಲ್ಲಿ ಮಾತ್ರ 2009ರಿಂದ ಘೋರ ಅಪರಾಧಗಳ ವಿಚಾರಣೆಗೆ ಮೂವರು ನ್ಯಾಯಾಧೀಶರ ಜೊತೆ ಆರು ಮಂದಿ ಮತದಾರರು ಕೂಡುತ್ತಾರೆ.

ನಾವು ಹಳೆಯ ಜೂರಿಯನ್ನು ಕೇಳುತ್ತಿಲ್ಲ. ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಜನರನ್ನು ಕರೆಯಲಿ. ಕೋರ್ಟಿಗೆ ಹೋದ ದಿನಗಳ ಕೂಲಿಯನ್ನು ಸರ್ಕಾರ ಕೊಡಲಿ, ಕೆಲಸಕ್ಕೆ ಸಂಚಕಾರ ಬಾರದಂತೆ ಕಾನೂನಿರಲಿ. ವಿಚಾರಣೆ ಜನರ ಭಾಷೆಯಲ್ಲಿ ನಡೆಯಲಿ. ಪತ್ರಿಕೆಗಳ ಅಬ್ಬರಕ್ಕೆ ಯಾರೂ ತೂಗದಂತೆ, ಜನರೂ ನ್ಯಾಯಾಧೀಶರೂ ಒಟ್ಟಿಗೆ ಕುಳಿತು ಕಾರಣ ಬರೆದು ತೀರ್ಪು ಕೊಡಲಿ.

ನಾಳೆ ಕಾರ್ಖಾನೆಯ ಗೇಟಿನಲ್ಲಿ ಗಲಭೆಯಾಗಿ ಹೆಣ ಬಿದ್ದರೆ, ಕಟಕಟೆಯಲ್ಲಿ ನಿಲ್ಲುವವನು ನಮ್ಮವನು. ಶಿಫ್ಟು ಬಿಡುವ ಹೊತ್ತಿನ ನೂಕುನುಗ್ಗಲು ಕಂಡವನೊಬ್ಬನಾದರೂ ಪೀಠದಲ್ಲಿರಬೇಡವೇ? ರಾಜ್ಯ ಆಳುವವರನ್ನು ಆರಿಸಲು ಸಾಕಾದ ಬುದ್ಧಿ, ನ್ಯಾಯದ ತಕ್ಕಡಿ ಹಿಡಿಯಲು ಸಾಲದೇ? ಓಟು ಕೇಳಲು ಬರುವವರನ್ನು ಈ ಪ್ರಶ್ನೆ ಕೇಳಿ.